ಬೈಬಲಿನಲ್ಲಿ ತಪ್ಪಿದೆ ಎಂದುಕೊಂಡೂ ಕ್ರೈಸ್ತರಾಗಿರಬಹುದೇ?

ಕೊರಿಂಥದ ಸಭೆಗೆ, ಅಂದರೆ ಅಲ್ಲಿನ ಕ್ರೈಸ್ತ ಸಮುದಾಯಕ್ಕೆ, ಅಪೊಸ್ತಲ ಪೌಲನು ಬರೆದ ಮೊದಲ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಒಂದು ಸಣ್ಣ ಎಡವಟ್ಟಿದೆ. ಆ ಸಭೆಯಲ್ಲಿ ಗುಂಪುಗಾರಿಕೆ ಶುರುವಾಗಿತ್ತು. ನಾನು ಪೌಲನ ಕಡೆಯವನು, ನಾನು ಅಪೊಲ್ಲೋಸನ ಕಡೆಯವನು ಎಂದು ಜನ ಕಿತ್ತಾಡುತ್ತಿದ್ದರು. ಬೇಸತ್ತ ಪೌಲ, ಸದ್ಯ, ಕ್ರಿಸ್ಪ ಮತ್ತು ಗಾಯ ಇವರಿಬ್ಬರನ್ನು ಬಿಟ್ಟರೆ ನಿಮ್ಮಲ್ಲಿ ಯಾರಿಗೂ ನಾನು ದೀಕ್ಷಾಸ್ನಾನ ಮಾಡಿಸಲಿಲ್ಲವಲ್ಲ, ದೇವರಿಗೆ ಸ್ತೋತ್ರ ಎನ್ನುತ್ತಾನೆ. ಅದು 14ನೇ ವಚನ. ಒಂದು ವಚನ ದಾಟುವಷ್ಟರಲ್ಲಿ ನೆನಪು ತಿವಿಯುತ್ತದೆ: ಹಾಂ, ಸ್ತೆಫನನ ಮನೆಯವರಿಗೂ ಮಾಡಿಸಿದ್ದೆ, ಅವರಲ್ಲದೆ ಇನ್ನು ಯಾರಿಗಾದರೂ ಮಾಡಿಸಿದ್ದೇನೋ ಗೊತ್ತಿಲ್ಲ. ಪೌಲ ಹೇಳುತ್ತಿದ್ದ, ಇನ್ಯಾರೋ ಬರೆದುಕೊಳ್ಳುತ್ತಿದ್ದರು ಅನ್ನಿಸುತ್ತದೆ. ಹಾಳೆಗೆ ಬಿದ್ದ ಮಾತನ್ನು ಅಳಿಸಲು ಹೋಗದೆ ತಿದ್ದುಪಡಿಯನ್ನು ಮುಂದಕ್ಕೆ ಸೇರಿಸಿ ಪತ್ರ ಕಳಿಸಿದ್ದಾರೆ.

ಈ ಪತ್ರ ಕ್ರೈಸ್ತರಿಗೆ ದೇವರ ವಾಕ್ಯ. ಹಾಗಿದ್ದರೆ 14ನೇ ವಚನ ತಪ್ಪೇ? 16ರಲ್ಲಿ ತಿದ್ದಿಕೊಂಡದ್ದರಿಂದ ತಪ್ಪು ಇಲ್ಲವಾಯಿತೇ? ಎಲ್ಲವನ್ನೂ ಬಲ್ಲ ದೇವರು ಪ್ರೇರಿಸಿದ ಪುಟದಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಬಂದದ್ದಾದರೂ ಹೇಗೆ?

ನೇರ ಉತ್ತರ ಬೇಕಾದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಬೈಬಲಿನಲ್ಲಿ ತಪ್ಪುಗಳಿವೆ ಎಂದು ಒಪ್ಪಿಯೂ ಕ್ರೈಸ್ತರಾಗಿರಬಹುದು. ಕೋಟ್ಯಂತರ ಜನ ಹಾಗೆಯೇ ಇದ್ದಾರೆ. ಒಂದೂ ತಪ್ಪಿಲ್ಲ ಎನ್ನುವವರೂ ಕೋಟ್ಯಂತರ ಇದ್ದಾರೆ. ಈ ಇಬ್ಬರ ಜಗಳದಲ್ಲಿ ಅರ್ಧಪಾಲು ‘ತಪ್ಪು’ ಎಂದರೇನು ಎಂಬುದರ ಮೇಲಿನ ಜಗಳ.

ಈ ವಿಷಯದಲ್ಲಿ ಕನ್ನಡ ನಮಗೆ ಒಳ್ಳೆಯ ಉಪಕಾರ ಮಾಡಿದೆ. ನಮ್ಮಲ್ಲಿ ತಪ್ಪುಗಳಿಗೆ ಬೇರೆ ಬೇರೆ ಮನೆಗಳಿವೆ. ನಕಲು ಮಾಡುವವನು ಒಂದು ಸಾಲು ಬಿಟ್ಟರೆ ಕಣ್ತಪ್ಪು. ಹೆಸರು ಅದಲುಬದಲಾದರೆ ಬಾಯ್ತಪ್ಪು. ಕೂಡಿಸಿದ್ದು ಸರಿಬರದಿದ್ದರೆ ಲೆಕ್ಕ ತಪ್ಪಿತು ಎನ್ನುತ್ತೇವೆ. ಇವನ್ನೆಲ್ಲ ಮಾಡಿದವನೂ ಮಾತಿಗೆ ತಪ್ಪದವನಾಗಿರಬಹುದು. ದಾರಿ ತಪ್ಪಿಸುವುದಂತೂ ಬೇರೆಯದೇ ಅಪರಾಧ. ಬೈಬಲಿನಲ್ಲಿ ತಪ್ಪಿದೆಯೇ ಎಂದು ಕೇಳುವವರು ಇವುಗಳಲ್ಲಿ ಯಾವುದನ್ನು ಕೇಳುತ್ತಿದ್ದಾರೆ ಎಂದು ಮೊದಲು ನೋಡಬೇಕು. (ಕನ್ನಡದಲ್ಲಿ ಬೈಬಲಿಗೆ ‘ಸತ್ಯವೇದ’ ಎಂದು ಹೆಸರಿಟ್ಟವರು ರಟ್ಟಿನ ಮೇಲೆಯೇ ವಾದ ಮುಗಿಸಿಬಿಟ್ಟಿದ್ದಾರೆ, ಅದು ಬೇರೆ ಮಾತು.)

ಕಣ್ತಪ್ಪು

ಇದರ ಬಗ್ಗೆ ತಕರಾರೇ ಇಲ್ಲ. ಬೈಬಲಿನ ಯಾವ ಪುಸ್ತಕದ ಮೂಲಪ್ರತಿಯೂ ಉಳಿದಿಲ್ಲ. ನಮ್ಮ ಕೈಗೆ ಬಂದಿರುವುದು ನಕಲಿನ ನಕಲು, ಮತ್ತು ನಕಲುಗಾರರು ಮನುಷ್ಯರು. ಪ್ರಚಲಿತ ಹೀಬ್ರೂ ಪಾಠದಲ್ಲಿ ದಾವೀದನ ಎದುರಾಳಿ ಗೊಲ್ಯಾತನ ಎತ್ತರ ಆರು ಮೊಳ ಒಂದು ಗೇಣು, ಅಂದರೆ ಸುಮಾರು 3 ಮೀಟರ್. ಮೃತ ಸಮುದ್ರದ ಹತ್ತಿರದ ಗುಹೆಗಳಲ್ಲಿ ಸಿಕ್ಕ ಸಮುವೇಲನ ಪುಸ್ತಕದ ಸುರುಳಿಯಲ್ಲಿ ಅದು ನಾಲ್ಕು ಮೊಳ ಒಂದು ಗೇಣು. ಎರಡು ಮೀಟರಿನ ಆಳು. ಎತ್ತರದವನೇ, ಆದರೆ ರಾಕ್ಷಸನಲ್ಲ. ಎರಡರಲ್ಲಿ ಒಂದು ಯಾರದೋ ಕೈಯಲ್ಲಿ ಬದಲಾಗಿದೆ.

ಇನ್ನೊಂದು ಉದಾಹರಣೆ ನನಗೆ ಬಲು ಇಷ್ಟ. ಅಹಜ್ಯ ರಾಜನಾದಾಗ ಅವನಿಗೆ 22 ವರ್ಷ ಎಂದು ಅರಸುಗಳು ಎರಡನೆಯ ಭಾಗ ಹೇಳುತ್ತದೆ. ಪೂರ್ವಕಾಲವೃತ್ತಾಂತದ ಹೀಬ್ರೂ ಪಾಠದಲ್ಲಿ 42 ಎಂದಿದೆ. ಅವನ ಅಪ್ಪ ಯೆಹೋರಾಮ 32ನೇ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು 8 ವರ್ಷ ಆಳಿ ಸತ್ತವನು. ಅಂದರೆ ಸಾಯುವಾಗ ಅಪ್ಪನಿಗೆ 40, ಪಟ್ಟವೇರುವ ಮಗನಿಗೆ 42! ಅನೇಕ ಆಧುನಿಕ ಅನುವಾದಗಳು ಇಲ್ಲಿ ಸದ್ದಿಲ್ಲದೆ 22 ಎಂದು ಹಾಕಿ ಕೆಳಗೆ ಅಡಿಟಿಪ್ಪಣಿ ಕೊಡುತ್ತವೆ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು, ಯೋಹಾನನ ಸುವಾರ್ತೆಯಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗ, ಇವೆರಡೂ ನಾಲ್ಕನೇ ಶತಮಾನದ ಹೆಸರಾಂತ ಗ್ರೀಕ್ ಪ್ರತಿಗಳಾದ ಸಿನಾಯಿಟಿಕಸ್ ಮತ್ತು ವ್ಯಾಟಿಕಾನಸ್‌ಗಳಲ್ಲಿ ಇಲ್ಲ ಎನ್ನುವುದೂ ಗುಟ್ಟೇನಲ್ಲ.

ಆದ್ದರಿಂದ ಬೈಬಲಿನಲ್ಲಿ ಒಂದಕ್ಷರವೂ ತಪ್ಪಿಲ್ಲ ಎನ್ನುವ ಗಂಭೀರ ವಿದ್ವಾಂಸರು ನಮ್ಮ ಮೇಜಿನ ಮೇಲಿರುವ ಪ್ರತಿಯ ಬಗ್ಗೆ ಹಾಗೆನ್ನುವುದಿಲ್ಲ. ಮೊದಲ ಲೇಖಕರು ಬರೆದ ಮೂಲದ ಬಗ್ಗೆ ಹೇಳುತ್ತಾರೆ. ಇದನ್ನು ಕೇಳಿ ಎದುರಾಳಿಗಳು ನಗುತ್ತಾರೆ: ಯಾರೂ ನೋಡದ ಪುಸ್ತಕಕ್ಕೆ ತಪ್ಪಿಲ್ಲವೆಂಬ ಪ್ರಮಾಣಪತ್ರವೇ! ನಗು ಸ್ವಲ್ಪ ಅವಸರದ್ದು. ಪ್ರತಿಗಳನ್ನು ಹೋಲಿಸಿ ಮೂಲವನ್ನು ಬಹುಮಟ್ಟಿಗೆ ಕಟ್ಟಿಕೊಳ್ಳಬಹುದು. ಬೇರೆ ಪ್ರಾಚೀನ ಗ್ರಂಥಗಳಿಗೂ ನಾವು ಮಾಡುವುದು ಅದನ್ನೇ.

ಬಾಯ್ತಪ್ಪು

ನಿಜವಾದ ತೊಡಕು ಇಲ್ಲಿ. ಇಲ್ಲಿ ನಕಲುಗಾರನ ಮೇಲೆ ಹಾಕಿ ಪಾರಾಗಲು ಬರುವುದಿಲ್ಲ.

ಯೇಸುವನ್ನು ಹಿಡಿದುಕೊಡಲು ಶಿಷ್ಯ ಯೂದನು ಪಡೆದ ಮೂವತ್ತು ಬೆಳ್ಳಿ ನಾಣ್ಯಗಳ ಪ್ರಸಂಗದಲ್ಲಿ ಸುವಾರ್ತೆ ಬರೆದ ಮತ್ತಾಯನು, ಯೆರೆಮೀಯನೆಂಬ ಪ್ರವಾದಿಯ ಮಾತು ನೆರವೇರಿತು ಎನ್ನುತ್ತಾನೆ. ಮೂವತ್ತು ಬೆಳ್ಳಿಯ ಮಾತು ಇರುವುದು ಜೆಕರ್ಯನ ಪುಸ್ತಕದ 11ನೇ ಅಧ್ಯಾಯದಲ್ಲಿ. ಕುಂಬಾರ, ಹೊಲ ಕೊಳ್ಳುವುದು ಇವು ಯೆರೆಮೀಯನಲ್ಲಿ ಬರುತ್ತವೆ, ಎರಡನ್ನೂ ಸೇರಿಸಿ ದೊಡ್ಡ ಪ್ರವಾದಿಯ ಹೆಸರು ಹೇಳಿದ್ದಾನೆ ಎಂದು ಸಮರ್ಥಕರು ಹೇಳುತ್ತಾರೆ. ಇರಬಹುದು.

ಹಳೆಯ ಕ್ರೈಸ್ತರು ಈ ವಚನವನ್ನು ಎದುರಿಸಿದ ರೀತಿ ನೋಡುವಂಥದ್ದು. ಐದನೇ ಶತಮಾನದ ಆರಂಭದಲ್ಲಿ ದೈವಶಾಸ್ತ್ರಿ, ಬಿಷಪ್ ಅಗಸ್ಟೀನ್ ಬೈಬಲ್ ಅನುವಾದಕ ಜೆರೋಮನಿಗೆ ಬರೆದ ಪತ್ರವೊಂದರಲ್ಲಿ, ಶಾಸ್ತ್ರದಲ್ಲಿ ಸತ್ಯಕ್ಕೆ ವಿರುದ್ಧವಾದದ್ದು ಕಂಡರೆ ತನಗೆ ಮೂರೇ ದಾರಿ ಎನ್ನುತ್ತಾನೆ: ಪ್ರತಿ ಕೆಟ್ಟಿದೆ, ಅನುವಾದಕ ಎಡವಿದ್ದಾನೆ, ಇಲ್ಲವೇ ನನಗೆ ಅರ್ಥವಾಗಿಲ್ಲ. ಲೇಖಕನೇ ತಪ್ಪಿದ ಎಂಬ ನಾಲ್ಕನೆಯದಕ್ಕೆ ಅವನಲ್ಲಿ ಜಾಗವಿಲ್ಲ. ಅದೇ ಅಗಸ್ಟೀನ್ ಮತ್ತಾಯನ ಈ ವಚನಕ್ಕೆ ಬಂದಾಗ ಹೇಳುವುದೇನು? ಬರೆಯುವಾಗ ಮತ್ತಾಯನ ನೆನಪಿಗೆ ಜೆಕರ್ಯನ ಬದಲು ಯೆರೆಮೀಯನ ಹೆಸರು ಬಂದಿರಬೇಕು. ಆ ನೆನಪನ್ನು ನಡೆಸಿದ್ದೇ ಪವಿತ್ರಾತ್ಮ, ಆದ್ದರಿಂದ ಮತ್ತಾಯ ತಿದ್ದದೆ ಬಿಟ್ಟ ಎಂದು. ಮುಂದಿನ ಬಾಗಿಲು ಭದ್ರ ಮಾಡಿಕೊಂಡು ಹಿತ್ತಲ ಬಾಗಿಲು ತೆರೆದಂತಾಯಿತು. ಹದಿನಾರನೇ ಶತಮಾನದ ಸುಧಾರಕ ಕ್ಯಾಲ್ವಿನ್ ಇನ್ನೂ ನಿರಾಳ: ಯೆರೆಮೀಯನ ಹೆಸರು ಇಲ್ಲಿ ಹೇಗೆ ನುಸುಳಿತೋ ನನಗೆ ತಿಳಿಯದು, ಅದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದೂ ಇಲ್ಲ, ಜೆಕರ್ಯನ ಬದಲು ತಪ್ಪಾಗಿ ಬಿದ್ದಿದೆ ಎಂಬುದಂತೂ ಸ್ಪಷ್ಟ ಎಂದು ಬರೆದು ಮುಂದಕ್ಕೆ ಹೋಗುತ್ತಾನೆ. ಬೈಬಲನ್ನು ದೇವರ ಬಾಯಿಂದ ಬಂದ ಮಾತೆಂದೇ ನಂಬಿದ್ದವನು ಈ ಕ್ಯಾಲ್ವಿನ್.

ಚಂದ್ರನ ವಿಚಾರದಲ್ಲೂ ಅವನದು ಇದೇ ಧೋರಣೆ. ಆದಿಕಾಂಡ ಸೂರ್ಯಚಂದ್ರರನ್ನು ‘ಎರಡು ದೊಡ್ಡ ಬೆಳಕುಗಳು’ ಎನ್ನುತ್ತದೆ. ಶನಿಗ್ರಹ ಚಂದ್ರನಿಗಿಂತ ದೊಡ್ಡದೆಂದು ಖಗೋಳಜ್ಞರು ತೋರಿಸಿದ್ದಾರೆ ಎಂದು ಕ್ಯಾಲ್ವಿನ್‌ಗೆ ಗೊತ್ತಿತ್ತು. ಆದಿಕಾಂಡ ಬರೆದವನೆಂದು ನಂಬಲಾದ ಮೋಶೆ ಸಾಮಾನ್ಯರ ಕಣ್ಣಿಗೆ ಕಂಡಂತೆ ಬರೆದ, ಖಗೋಳಶಾಸ್ತ್ರ ಬೇಕಾದವರು ಬೇರೆಡೆ ಹೋಗಲಿ ಎಂದುಬಿಟ್ಟ.

ಇಂಥವು ಇನ್ನೂ ಇವೆ. ದಾವೀದ ದೇವಾಲಯದ ರೊಟ್ಟಿ ತಿಂದದ್ದು ಎಬ್ಯಾತಾರನು ಮಹಾಯಾಜಕನಾಗಿದ್ದಾಗ ಎಂದು ಮಾರ್ಕನ ಸುವಾರ್ತೆ ಯೇಸುವಿನ ಬಾಯಿಂದ ಹೇಳಿಸುತ್ತದೆ. ಸಮುವೇಲನ ಪುಸ್ತಕದ ಪ್ರಕಾರ ಆ ಯಾಜಕ ಎಬ್ಯಾತಾರನ ತಂದೆ ಅಹೀಮೆಲೆಕ. ಇದೇ ಘಟನೆಯನ್ನು ಹೇಳುವ ಮತ್ತಾಯ, ಲೂಕ ಇಬ್ಬರೂ ಆ ಹೆಸರನ್ನೇ ಎತ್ತುವುದಿಲ್ಲ. ಯೂದ ನೇಣು ಹಾಕಿಕೊಂಡ ಎಂದು ಮತ್ತಾಯ. ತಲೆಕೆಳಗಾಗಿ ಬಿದ್ದು ಹೊಟ್ಟೆ ಒಡೆದು ಸತ್ತ ಎಂದು ಅಪೊಸ್ತಲರ ಕೃತ್ಯಗಳು. ಹಗ್ಗ ಹರಿದು ಬಿದ್ದಿರಬೇಕು ಎಂದು ಎರಡನ್ನೂ ಹೊಲಿಯುವವರಿದ್ದಾರೆ.

ಹೊಲಿಯಲು ತೀರಾ ಕಷ್ಟವಾಗುವುದು ಲೂಕನ ಜನಗಣತಿ. ಕುರೇನ್ಯನು ಸಿರಿಯದ ಅಧಿಪತಿಯಾಗಿದ್ದಾಗ ನಡೆದ ಖಾನೇಷುಮಾರಿಗಾಗಿ ಯೋಸೇಫ ಮರಿಯರು ಬೇತ್ಲೆಹೇಮಿಗೆ ಹೋದರು ಎಂದು ಲೂಕ ಬರೆಯುತ್ತಾನೆ. ಯೆಹೂದಿ ಚರಿತ್ರೆಕಾರ ಜೋಸೆಫಸ್ ಕೊಡುವ ವಿವರದಂತೆ ಆ ಗಣತಿ ಕ್ರಿ.ಶ. 6ರದ್ದು. ಯೇಸು ಹುಟ್ಟಿದ್ದು ರಾಜ ಹೆರೋದನ ಕಾಲದಲ್ಲಿ ಎಂದು ಮತ್ತಾಯ ಹೇಳುತ್ತಾನೆ, ಮತ್ತು ಸಾಮಾನ್ಯವಾಗಿ ಒಪ್ಪಿಕೊಂಡ ಲೆಕ್ಕದಲ್ಲಿ ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ. ನಡುವೆ ಸುಮಾರು ಹತ್ತು ವರ್ಷದ ಕಂದಕ. ಕುರೇನ್ಯ ಹಿಂದೊಮ್ಮೆಯೂ ಅಲ್ಲಿ ಅಧಿಕಾರದಲ್ಲಿದ್ದ ಎನ್ನುವ ಊಹೆ, ‘ಮೊದಲ ಗಣತಿ’ ಎಂಬ ಗ್ರೀಕ್ ಮಾತನ್ನು ‘ಅದಕ್ಕಿಂತ ಮೊದಲಿನ ಗಣತಿ’ ಎಂದು ಓದುವ ಉಪಾಯ, ಎರಡೂ ಚಾಲ್ತಿಯಲ್ಲಿವೆ. ಲೂಕನಿಗೆ ಇಸವಿ ತಪ್ಪಿತು ಎನ್ನುವುದೇ ಸರಳ ಅನ್ನಿಸುತ್ತದೆ ನನಗೆ. ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎಂದು ಲೂಕ ಮೊದಲಲ್ಲೇ ಹೇಳಿಕೊಂಡಿದ್ದಾನೆ. ವಿಚಾರಿಸಿ ಬರೆಯುವವನಿಗೆ ಎಲ್ಲೋ ಒಂದು ಕಡೆ ಇಸವಿ ಕೈಕೊಡುವುದು ಹೊಸದಲ್ಲ.

ಯಾರು ಏನನ್ನು ಕಡ್ಡಾಯ ಮಾಡಿದ್ದಾರೆ

ಹೀಗೆ ಹೇಳಿದವನು ಕ್ರೈಸ್ತ ವಿಶ್ವಾಸದಿಂದ ಹೊರಗಾದನೇ? ಅದನ್ನು ತಿಳಿಯಲು ಸಭೆಗಳು ನಿಜವಾಗಿ ಏನನ್ನು ಕೇಳುತ್ತವೆ ಎಂದು ನೋಡಬೇಕು.

325ರಲ್ಲಿ ನೈಸಿಯದ ಬಿಷಪರ ಮಹಾಸಭೆಯಲ್ಲಿ ಶುರುವಾಗಿ 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪೂರ್ಣರೂಪ ಪಡೆದ ವಿಶ್ವಾಸ ಪ್ರಮಾಣವನ್ನು ಕ್ಯಾಥೊಲಿಕ್, ಆರ್ಥೊಡಾಕ್ಸ್ ಮತ್ತು ಬಹುತೇಕ ಪ್ರೊಟೆಸ್ಟೆಂಟ್ ಸಭೆಗಳು ಒಪ್ಪುತ್ತವೆ. ಶಾಸ್ತ್ರದ ಬಗ್ಗೆ ಅದರಲ್ಲಿರುವುದು ಇಷ್ಟೇ: ಕ್ರಿಸ್ತನು ಶಾಸ್ತ್ರಗಳ ಪ್ರಕಾರ ಮೂರನೆಯ ದಿನ ಎದ್ದನು, ಪವಿತ್ರಾತ್ಮನು ಪ್ರವಾದಿಗಳ ಮೂಲಕ ಮಾತಾಡಿದನು. ಬೈಬಲಿನಲ್ಲಿ ತಪ್ಪಿಲ್ಲ ಎಂದು ನಂಬುತ್ತೇನೆ ಎಂಬ ಸಾಲು ಇಲ್ಲ. ಹೊಸ ಒಡಂಬಡಿಕೆಯ 27 ಪುಸ್ತಕಗಳ ಇಂದಿನ ಪಟ್ಟಿಯೇ ಮೊದಲು ಕಾಣುವುದು 367ರಲ್ಲಿ, ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಬರೆದ ಪತ್ರದಲ್ಲಿ. ನೈಸಿಯದಲ್ಲಿ ಯೇಸು ಯಾರು ಎಂದು ತೀರ್ಮಾನವಾಗಿ 42 ವರ್ಷಗಳಾದ ಮೇಲೆ.

ಇದನ್ನು ಹಿಡಿದು, ತಪ್ಪಿಲ್ಲ ಎಂಬ ನಂಬಿಕೆ ಹತ್ತೊಂಬತ್ತನೇ ಶತಮಾನದ ಹೊಸ ಸರಕು ಎಂದು ಕೆಲವರು ವಾದಿಸುತ್ತಾರೆ. ಅದು ಅರ್ಧ ಸತ್ಯ. ಅಗಸ್ಟೀನನ ಪತ್ರ ನೋಡಿದೆವಲ್ಲ, ನಂಬಿಕೆ ಹಳೆಯದೇ. ಹೊಸದಾಗಿ ಬಂದದ್ದು ವ್ಯಾಖ್ಯೆ. 1881ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಪರಂಪರೆಯ ಎ.ಎ. ಹಾಡ್ಜ್ ಮತ್ತು ಬಿ.ಬಿ. ವಾರ್‌ಫೀಲ್ಡ್ ಸೇರಿ ಬರೆದ ಲೇಖನದಲ್ಲಿ ಮೂಲಪ್ರತಿಗಳಲ್ಲಿ ಯಾವ ತಪ್ಪೂ ಇರಲಿಲ್ಲ ಎಂಬ ವಾದ ಖಚಿತ ಆಕಾರ ಪಡೆಯಿತು. ಡಾರ್ವಿನ್ ಒಂದು ಕಡೆ, ಬೈಬಲನ್ನು ಬಿಡಿಸಿ ನೋಡುತ್ತಿದ್ದ ಜರ್ಮನ್ ವಿಮರ್ಶಕರು ಇನ್ನೊಂದು ಕಡೆ ನಿಂತಿದ್ದ ಕಾಲವದು. ಮುತ್ತಿಗೆ ಬಿದ್ದಾಗ ಕೋಟೆಯ ಗೋಡೆಗೆ ಹೊಸ ಗಾರೆ ಬೀಳುತ್ತದೆ.

ಆ ಗಾರೆಯ ಕೆಲಸ ಮುಗಿದದ್ದು 1978ರಲ್ಲಿ. ಬೈಬಲಿನ ಅಧಿಕಾರಕ್ಕೆ ಒತ್ತುಕೊಡುವ ಇವಾಂಜೆಲಿಕಲ್ ಪ್ರೊಟೆಸ್ಟೆಂಟರ ಇನ್ನೂರಕ್ಕೂ ಹೆಚ್ಚು ಮುಖಂಡರು, ಬೈಬಲಿನಲ್ಲಿ ತಪ್ಪಿಲ್ಲ ಎಂದು ಸಾರುವ ಷಿಕಾಗೊ ಹೇಳಿಕೆಗೆ ಸಹಿ ಹಾಕಿದರು. ಇದನ್ನು ಓದದೆಯೇ ಹೊಗಳುವವರು, ಬೈಯುವವರು ಬಹಳ. 19 ಕಲಮುಗಳ ಆ ಹೇಳಿಕೆಯಲ್ಲಿ 13ನೆಯದು, ಇಂದಿನ ಮಟ್ಟದ ನಿಖರತೆ ಇಲ್ಲದಿರುವುದು, ವ್ಯಾಕರಣದ ಏರುಪೇರು, ಕಣ್ಣಿಗೆ ಕಂಡಂತೆ ಪ್ರಕೃತಿಯನ್ನು ಬಣ್ಣಿಸುವುದು, ಸುತ್ತುಸಂಖ್ಯೆ, ಒಂದೇ ಘಟನೆಯಿಂದ ಬೇರೆ ಬೇರೆ ವಿವರ ಆರಿಸುವುದು ಇವು ಯಾವುವೂ ತಪ್ಪಿನ ಲೆಕ್ಕಕ್ಕೆ ಬರುವುದಿಲ್ಲ ಎನ್ನುತ್ತದೆ. ಇದು ನುಣುಚಿಕೊಳ್ಳುವ ಉಪಾಯ ಎಂದು ನನಗನ್ನಿಸುವುದಿಲ್ಲ. ಸೂರ್ಯ ಮುಳುಗಿದ ಎಂದವನನ್ನು ಯಾರೂ ಸುಳ್ಳುಗಾರ ಎನ್ನುವುದಿಲ್ಲ. 19ನೆಯ ಕಲಮು ಇನ್ನೂ ಮುಖ್ಯ: ತಪ್ಪಿಲ್ಲವೆಂದು ಒಪ್ಪದಿದ್ದರೆ ರಕ್ಷಣೆ (ಪಾಪದಿಂದ ಬಿಡುಗಡೆ) ಇಲ್ಲ ಎಂಬುದನ್ನು ಅದು ನಿರಾಕರಿಸುತ್ತದೆ, ಆದರೆ ಒಪ್ಪದಿದ್ದರೆ ವ್ಯಕ್ತಿಗೂ ಸಭೆಗೂ ಗಂಭೀರ ಪರಿಣಾಮ ತಪ್ಪದು ಎಂದು ಎಚ್ಚರಿಸುತ್ತದೆ. ಅಂದರೆ ಈ ನಂಬಿಕೆಯನ್ನು ಅತ್ಯಂತ ಬಿಗಿಯಾಗಿ ಹಿಡಿದವರೇ, ಒಪ್ಪದವನೂ ಕ್ರೈಸ್ತನಾಗಿರಬಲ್ಲ ಎಂದು ಬರೆದುಕೊಟ್ಟಿದ್ದಾರೆ. ಅಂಥವನಿಗೆ ಅವರ ಸೆಮಿನರಿಯಲ್ಲಿ ಕೆಲಸ ಸಿಗದಿರಬಹುದು, ಅಷ್ಟೆ.

ಕ್ಯಾಥೊಲಿಕ್ ಸಭೆಯಲ್ಲಿ ಜಗ್ಗಾಟ ನಡೆದದ್ದು 1960ರ ದಶಕದಲ್ಲಿ ಜಗತ್ತಿನ ಬಿಷಪರೆಲ್ಲ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ. ತಯಾರಾಗಿ ಬಂದಿದ್ದ ಮೊದಲ ಕರಡು, ಶಾಸ್ತ್ರ ಎಲ್ಲ ವಿಷಯಗಳಲ್ಲೂ ದೋಷಮುಕ್ತ ಎಂಬ ಧಾಟಿಯಲ್ಲಿತ್ತು. 1964ರ ಅಕ್ಟೋಬರಿನಲ್ಲಿ ವಿಯೆನ್ನಾದ ಕಾರ್ಡಿನಲ್ ಫ್ರಾನ್ಸ್ ಕೋನಿಗ್ ಎದ್ದುನಿಂತು, ಇತಿಹಾಸ ಮತ್ತು ನಿಸರ್ಗದ ವಿಷಯಗಳಲ್ಲಿ ಬೈಬಲು ಕೆಲವೊಮ್ಮೆ ವಾಸ್ತವದಿಂದ ಸರಿಯುತ್ತದೆ ಎಂದು ಹೇಳಿ ಉದಾಹರಣೆ ಕೊಟ್ಟರು. ಎಬ್ಯಾತಾರನೂ ಯೆರೆಮೀಯನೂ ಅವರ ಪಟ್ಟಿಯಲ್ಲಿದ್ದರು. 1965ರ ನವೆಂಬರ್ 18ರಂದು 2344 ಮತಗಳ ಪರ, 6 ಮತಗಳ ವಿರೋಧದಲ್ಲಿ ಅಂಗೀಕಾರವಾದ ‘ದೇಯಿ ವೆರ್ಬುಮ್’ ದಸ್ತಾವೇಜು ಹೇಳಿದ್ದು ಹೀಗೆ: ನಮ್ಮ ರಕ್ಷಣೆಗಾಗಿ ದೇವರು ದಾಖಲಿಸಲು ಬಯಸಿದ ಸತ್ಯವನ್ನು ಶಾಸ್ತ್ರಗಳು ದೃಢವಾಗಿ, ನಿಷ್ಠೆಯಿಂದ, ತಪ್ಪಿಲ್ಲದೆ ಬೋಧಿಸುತ್ತವೆ. ‘ನಮ್ಮ ರಕ್ಷಣೆಗಾಗಿ’ ಎಂಬ ಮಾತು ಬೇಲಿಯೋ ಗುರಿಯೋ ಎಂದು ಕ್ಯಾಥೊಲಿಕ್ ಪಂಡಿತರು ಇಂದಿಗೂ ವಾದಿಸುತ್ತಾರೆ. ಬೇಲಿ ಎಂದರೆ ರಕ್ಷಣೆಗೆ ಸಂಬಂಧಿಸಿದ್ದು ಮಾತ್ರ ದೋಷರಹಿತ, ಉಳಿದದ್ದು ಹಾಗಿರಬೇಕಿಲ್ಲ. ಗುರಿ ಎಂದರೆ ಇಡೀ ಗ್ರಂಥವೇ ದೋಷರಹಿತ, ಅದರ ಉದ್ದೇಶ ರಕ್ಷಣೆ. ಅಷ್ಟು ಮತ ಬೀಳಲು ಆ ಇಬ್ಬಗೆಯ ಅರ್ಥವೂ ಕಾರಣವಾಗಿರಬೇಕು ಎಂದು ನನ್ನ ಗುಮಾನಿ.

ಆಂಗ್ಲಿಕನ್ನರ 39 ಕಲಮುಗಳು ಶಾಸ್ತ್ರದಲ್ಲಿ ರಕ್ಷಣೆಗೆ ಬೇಕಾದದ್ದೆಲ್ಲ ಇದೆ ಎನ್ನುತ್ತವೆ, ತಪ್ಪಿನ ಮಾತೆತ್ತುವುದಿಲ್ಲ. ಇಪ್ಪತ್ತನೇ ಶತಮಾನದ ದೊಡ್ಡ ಪ್ರೊಟೆಸ್ಟೆಂಟ್ ದೈವಶಾಸ್ತ್ರಿ ಕಾರ್ಲ್ ಬಾರ್ತ್ ಬೈಬಲಿನ ಲೇಖಕರು ತಪ್ಪಬಲ್ಲವರೆಂದೇ ಒಪ್ಪಿಕೊಂಡು, ಆ ಮನುಷ್ಯ ಮಾತುಗಳ ಮೂಲಕವೇ ದೇವರು ಮಾತಾಡುತ್ತಾನೆ ಎಂದರು. ಇದರ ಹಿಂದೆ ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯವಿದೆ. ಅಲ್ಲಿ ‘ವಾಕ್ಯ’ ಶರೀರ ಧರಿಸಿ ಬರುತ್ತದೆ. ಕ್ರೈಸ್ತರಿಗೆ ದೇವರ ವಾಕ್ಯವೆಂದರೆ ಮೊದಲಿಗೆ ಯೇಸು, ಪುಸ್ತಕ ಅವನ ಸಾಕ್ಷಿ. ಸಾಕ್ಷಿದಾರನಿಗೆ ತಾರೀಖು ತಪ್ಪಿತೆಂದು ನ್ಯಾಯಾಲಯ ಮೊಕದ್ದಮೆಯನ್ನೇ ವಜಾ ಮಾಡುವುದಿಲ್ಲ.

ಆದರೆ ಸಾಕ್ಷಿದಾರ ಮುಖ್ಯ ವಿಷಯದಲ್ಲೇ ತಪ್ಪಿದರೆ? ಕ್ರಿಸ್ತನು ಎದ್ದು ಬಂದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಪೌಲನೇ ಬರೆದಿದ್ದಾನೆ, ತನ್ನ ಎಡವಟ್ಟಿರುವ ಅದೇ ಪತ್ರಿಕೆಯಲ್ಲಿ. ಸಮಾಧಿಯ ಬಳಿ ಹೋದ ಹೆಂಗಸರ ಹೆಸರುಗಳು ನಾಲ್ಕು ಸುವಾರ್ತೆಗಳಲ್ಲಿ ನಾಲ್ಕು ಬಗೆ. ಅದರಿಂದ ಬಹಳ ಕ್ರೈಸ್ತರ ನಿದ್ದೆ ಕೆಡುವುದಿಲ್ಲ. ಸಮಾಧಿಯೇ ಖಾಲಿಯಾಗಿರಲಿಲ್ಲ ಎಂದರೆ ಕೆಡುತ್ತದೆ. ಇವೆರಡರ ನಡುವೆ ಎಲ್ಲಿ ಗೆರೆ ಎಳೆಯುವುದು, ಎಳೆಯುವವರು ಯಾರು? ತಪ್ಪಿಲ್ಲ ಎನ್ನುವವರ ಬಲವಾದ ಪ್ರಶ್ನೆ ಇದೇ. ಒಂದು ಸುಳ್ಳಿಗೆ ಎಡೆಕೊಟ್ಟರೆ ಯಾವ ಪುಟವೂ ನಿಲ್ಲದು ಎಂದು ಅಗಸ್ಟೀನನೂ ಅಂಜಿದ್ದ. ಅವನು ಅಂಜಿದ್ದು ಒಳ್ಳೆಯ ಉದ್ದೇಶಕ್ಕಾಗಿ ಬೇಕೆಂದೇ ಹೇಳುವ ಸುಳ್ಳಿಗೆ, ಮರೆವಿಗಲ್ಲ. ಆದರೂ ಅಂಜಿಕೆ ಪೊಳ್ಳಲ್ಲ. ಶಾಸ್ತ್ರವು ಭಂಗವಾಗಲಾರದು ಎಂಬ ಯೇಸುವಿನ ಮಾತೂ ಅವರ ಕೈಯಲ್ಲಿದೆ.

ದಾರಿ ತಪ್ಪಿಸುವ ತಪ್ಪು

ಇಷ್ಟೆಲ್ಲ ವಾದ ಎಬ್ಯಾತಾರ, ಕುರೇನ್ಯ, ಗೊಲ್ಯಾತನ ಮೊಳದ ಸುತ್ತ ನಡೆಯುತ್ತದೆ. ಇವು ಅಗ್ಗದ ತಪ್ಪುಗಳು. ಇದ್ದರೂ ಯಾರ ಬದುಕೂ ಬದಲಾಗುವುದಿಲ್ಲ. ಭಾರವಾದದ್ದು ಬೇರೆ ಇದೆ.

ಸಮುವೇಲನ ಮೊದಲ ಪುಸ್ತಕದ 15ನೇ ಅಧ್ಯಾಯದಲ್ಲಿ ಪ್ರವಾದಿ ಸಮುವೇಲ, ಸೈನ್ಯಗಳ ಒಡೆಯನಾದ ದೇವರ ಮಾತು ಕೇಳು ಎಂದು ಇಸ್ರಾಯೇಲಿನ ಅರಸ ಸೌಲನಿಗೆ ಆಜ್ಞೆ ತಲುಪಿಸುತ್ತಾನೆ: ಅಮಾಲೇಕ್ಯರ ಮೇಲೆ ಬೀಳು, ಗಂಡಸು, ಹೆಂಗಸು, ಮಗು, ಮೊಲೆಗೂಸು ಯಾರನ್ನೂ ಉಳಿಸಬೇಡ. ಇಲ್ಲಿ ಯಾವ ಅಂಕಿಯೂ ತಪ್ಪಿಲ್ಲ, ಹೆಸರೂ ತಪ್ಪಿಲ್ಲ. ದೇವರು ಹೀಗೆ ಹೇಳಿದನೇ?

ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಹಳೆಯ ಒಡಂಬಡಿಕೆಯನ್ನೇ ಕಿತ್ತೆಸೆಯಲು ಹೊರಟ. ಸಭೆ ಅವನನ್ನೇ ಹೊರಹಾಕಿತು. ಮೂರನೇ ಶತಮಾನದ ದೈವಶಾಸ್ತ್ರಿ ಒರಿಗೆನ್, ಮೋಶೆಯ ನಂತರದ ನಾಯಕ ಯೆಹೋಶುವನ ಯುದ್ಧಗಳನ್ನು ಮನುಷ್ಯ ತನ್ನೊಳಗಿನ ಪಾಪಗಳ ಮೇಲೆ ಹೂಡುವ ಯುದ್ಧವೆಂದು ಓದಿದ. ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯನು ಎನ್ನುವ 137ನೇ ಕೀರ್ತನೆಯ ಕೊನೆಯ ಸಾಲಿಗೂ ಅವನ ಅರ್ಥ ಅದೇ: ಕೂಸೆಂದರೆ ಆಗಷ್ಟೇ ಹುಟ್ಟಿದ ಕೆಟ್ಟ ಯೋಚನೆ. ಷಿಕಾಗೊ ಹೇಳಿಕೆಯ ಹಾದಿಯವರಲ್ಲಿ ಹೆಚ್ಚಿನವರು, ಆಜ್ಞೆ ದೇವರದ್ದೇ, ತೀರ್ಪು ಕೊಡುವ ಹಕ್ಕು ಅವನದು ಎನ್ನುತ್ತಾರೆ. ಇನ್ನು ಕೆಲವರು, ದೇವರು ಹೇಳಿದನೆಂದು ಆ ಕಾಲದವರು ಪ್ರಾಮಾಣಿಕವಾಗಿ ನಂಬಿದ್ದರು, ನಂಬಿದ್ದು ತಪ್ಪು ಎನ್ನುತ್ತಾರೆ. ನಿಮ್ಮ ಹೃದಯ ಕಠಿಣವೆಂದು ಮೋಶೆ ವಿಚ್ಛೇದನಕ್ಕೆ ಅಪ್ಪಣೆ ಕೊಟ್ಟ, ಮೊದಲಿನಿಂದ ಹಾಗಿರಲಿಲ್ಲ ಎಂದು ಯೇಸು ಹೇಳಿದ್ದನ್ನು ಆಧಾರವಾಗಿ ತೋರಿಸುತ್ತಾರೆ. ಈ ಕೊನೆಯ ಗುಂಪಿನವರ ಕೈಯಲ್ಲಿ ‘ತಪ್ಪು’ ಎಂಬ ಪದ ಮೊದಲ ಬಾರಿಗೆ ನಿಜವಾಗಿ ತೂಗುತ್ತದೆ. ಗೊಲ್ಯಾತನ ಎತ್ತರದ ಬಗ್ಗೆ ಯಾವ ಸಭೆಯೂ ಒಡೆಯಬೇಕಿಲ್ಲ, ಇದರ ಬಗ್ಗೆ ಒಡೆಯಬಹುದು. ಬಾಯ್ತಪ್ಪನ್ನು ಸುಲಭವಾಗಿ ಒಪ್ಪುವ ನಾನೂ ಇಲ್ಲಿಗೆ ಬಂದಾಗ ನಿಧಾನಿಸುತ್ತೇನೆ. ನನಗೆ ಸರಿಕಾಣದ್ದನ್ನೆಲ್ಲ ಮನುಷ್ಯನ ಲೆಕ್ಕಕ್ಕೂ ಹಿತವಾದದ್ದನ್ನು ದೇವರ ಲೆಕ್ಕಕ್ಕೂ ಬರೆದುಕೊಳ್ಳುವುದು ತೀರಾ ಸಲೀಸು. ಹಾಗೆಂದು ಮೊಲೆಗೂಸಿನ ಮೇಲಿನ ಕತ್ತಿಯನ್ನು ದೇವರ ಲೆಕ್ಕಕ್ಕೆ ಬರೆಯಲೂ ಕೈ ಏಳುವುದಿಲ್ಲ.

ಆ ಅಧ್ಯಾಯವನ್ನು ಪೂರ್ತಿ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಸೌಲನನ್ನು ಅರಸನನ್ನಾಗಿ ಮಾಡಿದ್ದಕ್ಕೆ ಪಶ್ಚಾತ್ತಾಪಪಡುತ್ತೇನೆ ಎಂದು 11ನೇ ವಚನದಲ್ಲಿ ದೇವರು ಹೇಳುತ್ತಾನೆ. ಅವನು ಪಶ್ಚಾತ್ತಾಪಪಡಲು ಮನುಷ್ಯನಲ್ಲ ಎಂದು 29ನೇ ವಚನದಲ್ಲಿ ಸಮುವೇಲ ಗದರುತ್ತಾನೆ. 35ನೇ ವಚನದಲ್ಲಿ ದೇವರು ಪಶ್ಚಾತ್ತಾಪಪಟ್ಟನು ಎಂದು ಅಧ್ಯಾಯ ಮುಗಿಯುತ್ತದೆ. ಮೂರು ಕಡೆಯೂ ಹೀಬ್ರೂ ಕ್ರಿಯಾಪದ ಒಂದೇ. ಇದನ್ನು ಬರೆದು ಜೋಡಿಸಿದವನ ಕಣ್ಣಿಗೆ ಅದು ಬೀಳಲಿಲ್ಲ ಎಂದು ನಂಬುವುದು ನನಗೆ ಕಷ್ಟ.